ನಮ್ಮ ಬೀದಿಯವರು

ಹಳೆಯ ವಿದ್ಯಾರ್ಥಿಗಳ ಸಂಘವೆಂಬುದು ಒಂದು ವಿಚಿತ್ರವಾದ ಸಂಸ್ಥೆ. ಅದರ ಸದಸ್ಯತ್ವಕ್ಕೆ ಬೇಕಾದ ಅರ್ಹತೆ ಒಂದೇ: ಒಂದಾನೊಂದು ಕಾಲದಲ್ಲಿ ಚಿಕ್ಕವರಾಗಿ ಒಂದೇ ಅಂಗಳದಲ್ಲಿ ಆಡಿರುವುದು. ಆಮೇಲೆ ಯಾರು ಏನಾದರು, ಎಷ್ಟು ಗಳಿಸಿದರು, ಎಲ್ಲಿ ನೆಲಸಿದರು ಎಂಬುದನ್ನು ಸಂಘ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಆದರೆ ಮನುಷ್ಯಸ್ವಭಾವ ಬೇರೆಯೇ ಲೆಕ್ಕ ಹಾಕುತ್ತದೆ. ವರ್ಷಕ್ಕೊಮ್ಮೆ ಎಲ್ಲರೂ ಕೂಡಿದಾಗ ಮೊದಲು ಕಣ್ಣಿಗೆ ಬೀಳುವುದು ಸೀರೆ, ಆಮೇಲೆ ಕಾರು, ಎಲ್ಲಕ್ಕೂ ಕೊನೆಯಲ್ಲಿ ಮುಖ. ಮುಖದ ಗುರುತು ಹತ್ತಿತೆಂದರೆ ಮಾತ್ರ ಉಳಿದೆರಡೂ ಮರೆತುಹೋಗುತ್ತವೆ. ಅರುವತ್ತು ದಾಟಿದ ಹೆಂಗಸರು ಅಡ್ಡಹೆಸರು ಹಿಡಿದು ಒಬ್ಬರನ್ನೊಬ್ಬರು ಕೂಗತೊಡಗುತ್ತಾರೆ. ಮೊಮ್ಮಕ್ಕಳು ಬೆರಗಾಗಿ ನೋಡುತ್ತಾರೆ.

ಬೆಂಗಳೂರಿನ ಮೂಡಲಪಾಳ್ಯದಲ್ಲಿ ಅಂಥದೊಂದು ಸಂಘಕ್ಕೆ ಸೇರಬೇಕಾಗಿದ್ದೂ ಸೇರದೆ ಬಹುಕಾಲ ದೂರ ಉಳಿದ ಮಹಿಳೆಯೊಬ್ಬರಿದ್ದಾರೆ. ಹೆಸರಿನಲ್ಲಿ ಮೂಡಲವಿದ್ದರೂ ಈ ಪಾಳ್ಯವಿರುವುದು ನಗರದ ಪಡುವಣ ದಿಕ್ಕಿನಲ್ಲಿ. ಹೊಸಬರು ಇದನ್ನು ಕೇಳಿ ನಗುವುದುಂಟು. ಹೆಸರಿಟ್ಟ ಹಿರಿಯರು ಬೆಂಗಳೂರು ಪೇಟೆಯತ್ತ ನೋಡಿ ಹೆಸರಿಡಲಿಲ್ಲ, ಅಷ್ಟೆ. ಇಂದು ವಿಜಯನಗರ, ನಾಗರಬಾವಿಗಳ ನಡುವೆ ಮನೆಗೆ ಮನೆ ಅಂಟಿಕೊಂಡು ನಿಂತಿರುವ ಈ ಬಡಾವಣೆ ಅವರ ಬಾಲ್ಯದಲ್ಲಿ ಹೊಲಗಳ ನಡುವಣ ಹಳ್ಳಿಯಾಗಿದ್ದಿತು. ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದ ಅವರನ್ನು ಬೀದಿಯವರೆಲ್ಲ ನರ್ಸಮ್ಮ ಎಂದೇ ಕರೆಯುತ್ತಾರೆ. ಚುಚ್ಚುಮದ್ದು ಹಾಕಿಸಿಕೊಳ್ಳಲು ಅಳುವ ಮಗುವಿನಿಂದ ಹಿಡಿದು ರಕ್ತದೊತ್ತಡ ನೋಡಿಸಿಕೊಳ್ಳುವ ಮುದುಕರವರೆಗೆ ಎಲ್ಲರಿಗೂ ಅವರ ಮನೆಯ ಬಾಗಿಲು ಗೊತ್ತು. ಅವರು ಓದಿದ್ದು ಕಂಟೋನ್‌ಮೆಂಟ್ ಕಡೆಯ ಒಂದು ಕಾನ್ವೆಂಟ್ ಶಾಲೆಯಲ್ಲಿ ಎಂಬುದು ಮಾತ್ರ ಅನೇಕರಿಗೆ ಗೊತ್ತಿಲ್ಲ.

ಕಾನ್ವೆಂಟ್ ಎಂಬ ಮಾತನ್ನು ಇಂದು ನಾವು ಸಡಿಲವಾಗಿ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಪಾಠ ಹೇಳುವ ಯಾವ ಶಾಲೆಯಾದರೂ ಜನರ ಬಾಯಲ್ಲಿ ಕಾನ್ವೆಂಟೇ. ನಿಜವಾಗಿ ಅದು ಕ್ರೈಸ್ತ ಸಂನ್ಯಾಸಿನಿಯರು ಒಟ್ಟಾಗಿ ಬಾಳುವ ಮಠದ ಹೆಸರು. ಮಠದ ಪಕ್ಕದಲ್ಲಿ ಶಾಲೆ ಬೆಳೆದುದರಿಂದ ಶಾಲೆಗೂ ಆ ಹೆಸರು ಅಂಟಿಕೊಂಡಿತು. ಫ್ರಾನ್ಸ್ ದೇಶದ ಆಂಜೆ ಪಟ್ಟಣದಲ್ಲಿ 1835ರಲ್ಲಿ ಮೇರಿ ಯುಫ್ರೇಸಿಯಾ ಪೆಲ್ಲೆತಿಯೆ ಎಂಬ ಸಂನ್ಯಾಸಿನಿ ಕಟ್ಟಿದ ಗುಡ್ ಶೆಪರ್ಡ್ ಸಂಘದ ಸೋದರಿಯರು 1854ರಲ್ಲಿ ಬೆಂಗಳೂರಿಗೆ ಬಂದರು. ಮ್ಯೂಸಿಯಂ ರಸ್ತೆಯ ಸೇಕ್ರೆಡ್ ಹಾರ್ಟ್ ಬಾಲಿಕೆಯರ ಶಾಲೆ ಆ ವರ್ಷವೇ ಮೊದಲಾಯಿತು. ಹೆಣ್ಣುಮಕ್ಕಳು ಅಕ್ಷರ ಕಲಿತರೆ ಮನೆ ಕೆಟ್ಟೀತೆಂದು ನಂಬಿದ್ದ ಕಾಲವದು. 1886ರಲ್ಲಿ ಅದೇ ಸೋದರಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದರು. ಅತ್ತ ಮಂಗಳೂರಿಗೆ 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸೋದರಿಯರು ಹಡಗಿನಲ್ಲಿ ಬಂದಿಳಿದರು. ಅವರ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿ ಹುಟ್ಟಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರೆ ಎಂದರೆ ಆಗ್ನೆಸಿನವಳು.

ಇಂಥ ಶಾಲೆಗಳ ಆಡಳಿತದಲ್ಲಿ ಒಂದು ಹಳೆಯ ಪದ್ಧತಿಯುಂಟು. ಕೊಡಬಲ್ಲವರಿಂದ ಶುಲ್ಕ ಪಡೆಯುವುದು. ಕೊಡಲಾರದವರ ಮಕ್ಕಳನ್ನು ಅದರ ಬಲದಿಂದಲೂ ದಾನಿಗಳ ನೆರವಿನಿಂದಲೂ ಓದಿಸುವುದು. ಹೇಳುವುದು ಸುಲಭ. ಆದರೆ ಕೊಟ್ಟವಳೂ ಕೊಡದವಳೂ ಒಂದೇ ಬೆಂಚಿನ ಮೇಲೆ ಕುಳಿತಾಗ ಯಾರು ಯಾರೆಂದು ಗೊತ್ತಾಗದಂತೆ ನೋಡಿಕೊಳ್ಳುವುದು ಸುಲಭವಲ್ಲ.

ಮೂಡಲಪಾಳ್ಯದ ಆ ಹುಡುಗಿಯ ತಂದೆ ಬಟ್ಟೆ ಗಿರಣಿಯ ಕೂಲಿಕಾರ. ತಾಯಿ ಕಾನ್ವೆಂಟಿನಲ್ಲಿ ಆಯಾ. ನಸುಕಿನಲ್ಲಿ ರಾಗಿಮುದ್ದೆ ತೊಳಸಿಟ್ಟು ತಾಯಿಮಗಳಿಬ್ಬರೂ ಮಾಗಡಿ ರಸ್ತೆಯವರೆಗೆ ನಡೆದು, ಬಿ.ಟಿ.ಎಸ್. ಬಸ್ಸು ಹಿಡಿದು, ಮತ್ತೊಂದು ಬಸ್ಸಿಗೆ ಬದಲಿಸಿ ಶಾಲೆಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಯಾವಾಗಲೂ ಮಗಳದು. ಶಾಲೆಯೊಳಗೆ ಕಾಲಿಟ್ಟೊಡನೆ ತಾಯಿ ಎಲ್ಲರ ಆಯಮ್ಮನಾಗಿಬಿಡುತ್ತಿದ್ದರು. ಗಂಟೆ ಹೊಡೆಯುವುದು, ಮೊಗಸಾಲೆ ಗುಡಿಸುವುದು, ಕುಡಿಯುವ ನೀರು ತುಂಬಿಸುವುದು ಅವರ ಕೆಲಸ. ಇದರ ಜೊತೆಗೆ ಸಂಬಳಕ್ಕೆ ಸೇರದ ಕೆಲಸಗಳೂ ಇದ್ದವು. ಜಡೆ ಬಿಚ್ಚಿಹೋದವಳ ಜಡೆ ಹೆಣೆಯುವುದು, ಗುಂಡಿ ಕಿತ್ತುಹೋದವಳಿಗೆ ತಮ್ಮ ಸೆರಗಿನಿಂದ ಪಿನ್ನು ತೆಗೆದು ಚುಚ್ಚುವುದು, ಊಟದ ಡಬ್ಬಿ ಮರೆತು ಬಂದವಳ ಮುಖ ನೋಡಿಯೇ ಗುರುತಿಸಿ ಅಡುಗೆಮನೆಯಿಂದ ಎರಡು ಬಾಳೆಯ ಹಣ್ಣು ತಂದುಕೊಡುವುದು. ಮಕ್ಕಳಿಗೆ ಅವರ ಹೆಸರು ಗೊತ್ತಿರಲಿಲ್ಲ. ಆಯಮ್ಮ ಎಂದರೆ ಸಾಕಾಗಿತ್ತು.

ಶುಲ್ಕದ ದಿನ ಬಂದಾಗ ಆಫೀಸಿನಿಂದ ಎಲ್ಲ ಮಕ್ಕಳಿಗೂ ರಸೀದಿ ಬರುತ್ತಿದ್ದಿತು. ಆಕೆಗೂ ಬರುತ್ತಿದ್ದಿತು. ಅದೇ ತಿಳಿನೀಲಿ ಕಾಗದ, ಅದೇ ಅಂಕೆ, ಪೇಯ್ಡ್ ಎಂಬ ಅದೇ ಮೊಹರು. ಅವಳ ಮನೆಯಿಂದ ಒಂದು ಕಾಸೂ ಹೋಗಿರಲಿಲ್ಲ. ಓದು ಬಾರದ ತಾಯಿ ಆ ಮೊಹರಿನ ಆಕಾರವನ್ನು ಗುರುತು ಹಿಡಿಯುತ್ತಿದ್ದರು. ರಸೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ಹಣ ಕಟ್ಟಿದವರು ಯಾರೆಂದು ಕೇಳಿದಾಗ ಮುಖ್ಯೋಪಾಧ್ಯಾಯಿನಿಯಾಗಿದ್ದ ಮದರ್ ಹೇಳಿದ್ದು ಇಷ್ಟೆ: ಇಲ್ಲಿ ಓದಿ ಹೋದವರೊಬ್ಬರು. ಅದಕ್ಕಿಂತ ಹೆಚ್ಚಿನ ಮಾತು ಅವರ ಬಾಯಿಂದ ಎಂದೂ ಹೊರಡಲಿಲ್ಲ.

ಹೀಗೆ ಶಾಲೆ ಆ ಹುಡುಗಿಯ ಬಡತನವನ್ನು ಜೋಪಾನವಾಗಿ ಮುಚ್ಚಿಟ್ಟಿತು. ಅದನ್ನು ತಾನೂ ಮುಚ್ಚಿಡಬೇಕೆಂದು ಹುಡುಗಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಪಾಠದ ನಡುವೆ ಮಗುವೊಂದು ವಾಂತಿ ಮಾಡಿಕೊಂಡಿತು. ಆಯಮ್ಮ ಬಕೆಟ್ಟು, ಬಟ್ಟೆ ಹಿಡಿದು ಬಂದರು. ನೆಲ ಒರೆಸಿ ಎದ್ದವರು ಹೋಗುವಾಗ ಮಗಳ ಮೇಜಿನ ಮೇಲೆ ಜಾರುವಂತಿದ್ದ ಪುಸ್ತಕವನ್ನು ಸರಿಪಡಿಸಿದರು. ಪಕ್ಕದಲ್ಲಿ ಕುಳಿತಿದ್ದ ಗೆಳತಿ, “ಆಯಮ್ಮ ನಿನಗೆ ಗೊತ್ತಾ?” ಎಂದು ಕೇಳಿದಳು. ಅವಳ ಕೇಳಿಕೆಯಲ್ಲಿ ಕುಹಕವಿರಲಿಲ್ಲ.

“ನಮ್ಮ ಬೀದಿಯವರು” ಎಂದಳು ಹುಡುಗಿ.

ಬಾಗಿಲ ಬಳಿ ಬಕೆಟ್ಟು ಒಮ್ಮೆ ನೆಲಕ್ಕೆ ತಗುಲಿದ ಸದ್ದಾಯಿತು. ಅಷ್ಟೆ. ಅಂದು ಸಂಜೆ ಬಸ್ಸಿನಲ್ಲಿ ತಾಯಿ ಎಂದಿನಂತೆ ಕಿಟಕಿಯ ಪಕ್ಕದ ಜಾಗವನ್ನು ಬಿಟ್ಟುಕೊಟ್ಟರು. ಎಂದಿನಂತೆ ಹಸಿವಾಯಿತೇ ಎಂದು ಕೇಳಿದರು. ಮರುದಿನದಿಂದ ಮಾತ್ರ ಶಾಲೆಯ ಗೇಟು ಕಾಣುತ್ತಿದ್ದಂತೆ ಅವರು ನಡಿಗೆಯನ್ನು ನಿಧಾನ ಮಾಡಿ ಹತ್ತು ಹೆಜ್ಜೆ ಹಿಂದುಳಿಯುವುದನ್ನು ರೂಢಿ ಮಾಡಿಕೊಂಡರು. ಬೈದಿದ್ದರೆ ಹುಡುಗಿ ಅತ್ತು ಹಗುರವಾಗಬಹುದಿತ್ತು. ಬೈಯದೆ ಇದ್ದುದರಿಂದ ಆ ಮಾತು ಉಳಿದುಕೊಂಡಿತು. 1974ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾಗಿ ಶಾಲೆ ಬಿಟ್ಟರೂ ಉಳಿಯಿತು. ನೌಕರಿ ಸಿಕ್ಕಿ ಮೊದಲ ಸಂಬಳದಲ್ಲಿ ತಾಯಿಗೆ ಸೀರೆ ತಂದರೂ ಉಳಿಯಿತು. ತಾಯಿ ತೀರಿಕೊಂಡ ಮೇಲೂ ಉಳಿಯಿತು. ಸಂಘದಿಂದ ವರ್ಷವರ್ಷವೂ ಆಹ್ವಾನಪತ್ರ ಬಂದಾಗ ಅದನ್ನು ಓದಿ ಮಡಿಚಿಡುತ್ತಿದ್ದುದಕ್ಕೆ ಇದೇ ಕಾರಣ. ಮನೆಯವರು ಅದನ್ನು ಕೆಲಸದ ಒತ್ತಡವೆಂದು ತಿಳಿದಿದ್ದರು.

2024ರಲ್ಲಿ ಅವರ ತಂಡ ಶಾಲೆ ಬಿಟ್ಟು ಐವತ್ತು ವರ್ಷ ತುಂಬಿತು. ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಹೇಗೋ ಹುಡುಕಿ ತೆಗೆದು ಕರೆ ಮಾಡಿದಳು. “ಈ ಸಲವೂ ಬರದೆ ಇದ್ದರೆ ನಾವೇ ಎಲ್ಲರೂ ಮೂಡಲಪಾಳ್ಯಕ್ಕೆ ಬಂದು ನಿನ್ನ ಮನೆಯಲ್ಲೇ ಊಟಕ್ಕೆ ಕೂತುಬಿಡ್ತೀವಿ ಕಣೇ” ಎಂದು ಹೆದರಿಸಿದಳು. ನರ್ಸಮ್ಮನವರಿಗೆ ನಗು ಬಂದಿತು. ನಕ್ಕ ಮೇಲೆ ಒಲ್ಲೆನೆನ್ನುವುದು ಕಷ್ಟ. ಶನಿವಾರ ಬೆಳಿಗ್ಗೆ ಆಟೋದಲ್ಲಿ ಅತ್ತಿಗುಪ್ಪೆಗೆ ಹೋಗಿ ಮೆಟ್ರೋ ಹತ್ತಿದರು. ಒಂದು ಕಾಲಕ್ಕೆ ಎರಡು ಬಸ್ಸು ಬದಲಿಸಿ ಹೋಗಬೇಕಾಗಿದ್ದ ದಾರಿಯನ್ನು ರೈಲು ಅರ್ಧ ಗಂಟೆಯೊಳಗೆ ಮುಗಿಸಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರನ್ನು ಇಳಿಸಿತು. ಮನಸ್ಸನ್ನು ಸಿದ್ಧಮಾಡಿಕೊಳ್ಳಲು ಅಷ್ಟು ಹೊತ್ತು ಸಾಲದೆ, ಗೇಟಿನ ಎದುರಿನ ಮರದ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತರು.

ಸಂಘದ ವಾರ್ಷಿಕ ಕೂಟ ಎರಡು ದಿನದ್ದು. ಶನಿವಾರ ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ಪೂಜೆ. ಅಗಲಿದ ಅಧ್ಯಾಪಿಕೆಯರ ಮತ್ತು ಗೆಳತಿಯರ ಹೆಸರುಗಳನ್ನು ಅಲ್ಲಿ ಓದುತ್ತಾರೆ. ಹಿಂದೂ ಮುಸಲ್ಮಾನ ಹಳೆಯ ವಿದ್ಯಾರ್ಥಿನಿಯರೂ ಹಿಂದಿನ ಸಾಲಿನಲ್ಲಿ ತಲೆ ಬಾಗಿಸಿ ಕುಳಿತಿರುತ್ತಾರೆ. ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ. ಆಮೇಲೆ ಸೇವಾಕಾರ್ಯ, ಮಧ್ಯಾಹ್ನ ಸಭೆ. ಭಾನುವಾರ ಆಟ, ಹಾಡು, ಊಟ. ಅರುವತ್ತಾರರ ಹೆಂಗಸರು ಚಮಚದಲ್ಲಿ ನಿಂಬೆಹಣ್ಣನ್ನಿಟ್ಟುಕೊಂಡು ಓಡುವ ಸ್ಪರ್ಧೆಯನ್ನು ವರ್ಣಿಸಲು ಇಲ್ಲಿ ಎಡೆಯಿಲ್ಲ. ಮೊಣಕಾಲು ನೋವಿನವರೂ ಓಡಿದರು ಎಂದರೆ ಸಾಕು.

ಸೇವಾಕಾರ್ಯಕ್ಕೆಂದು ಅವರು ಹೋದುದು ಹೊಸೂರು ರಸ್ತೆಯ ವೃದ್ಧಾಶ್ರಮಕ್ಕೆ. ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸಂಘದ ಸಂನ್ಯಾಸಿನಿಯರು ನಿರ್ಗತಿಕ ವೃದ್ಧರನ್ನು ಅಲ್ಲಿ ಸಾಕುತ್ತಾರೆ. ಈ ಸಂಘದ ಕತೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1839ರ ಚಳಿಗಾಲ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಸಮುದ್ರತೀರದ ಊರೊಂದರಲ್ಲಿ ಜಾನ್ ಜುಗಾನ್ ಎಂಬಾಕೆ ಮನೆಗೆಲಸ ಮಾಡಿ ಬದುಕುತ್ತಿದ್ದಳು. ಆಗ ಅವಳಿಗೆ ನಲವತ್ತೇಳು ವರ್ಷ. ದಿಕ್ಕಿಲ್ಲದ ಕುರುಡು ಮುದುಕಿಯೊಬ್ಬಳನ್ನು ತನ್ನ ಬಾಡಿಗೆಯ ಕೋಣೆಗೆ ಕರೆತಂದಳು. ಮನೆಯಲ್ಲಿ ಹೆಚ್ಚಿನ ಹಾಸಿಗೆ ಇರಲಿಲ್ಲ. ತನ್ನ ಹಾಸಿಗೆಯನ್ನೇ ಮುದುಕಿಗೆ ಕೊಟ್ಟು ತಾನು ಅಟ್ಟದ ಮೇಲೆ ಮಲಗಿದಳು. ಒಬ್ಬಳಿಗೆ ಇನ್ನೊಬ್ಬಳು, ಅವಳಿಗೆ ಮತ್ತೊಬ್ಬಳು ಜೊತೆಯಾದರು. ಅವರನ್ನು ಸಾಕಲು ಜಾನ್ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಬೇಡಿದಳು. ಸಂಘ ಬೆಳೆಯಿತು. ಆದರೆ ಅದರ ಮೇಲ್ವಿಚಾರಕನಾಗಿದ್ದ ಪಾದ್ರಿಯೊಬ್ಬ ಸ್ಥಾಪಕನ ಕೀರ್ತಿಯನ್ನು ತನ್ನದಾಗಿಸಿಕೊಂಡು ಜಾನಳನ್ನು ಮೂಲೆಗೆ ಸರಿಸಿದನು. ಬದುಕಿನ ಕೊನೆಯ 27 ವರ್ಷ ಅವಳು ಸಂಘದ ಮಠದಲ್ಲಿ ಸಾಮಾನ್ಯ ಸಂನ್ಯಾಸಿನಿಯಂತೆ ಕಳೆದಳು. ತಮ್ಮ ಜೊತೆ ಕುಳಿತು ಊಟ ಮಾಡುವ ಈ ಮುದುಕಿಯೇ ಸಂಘವನ್ನು ಹುಟ್ಟಿಸಿದವಳೆಂಬುದು ಹೊಸದಾಗಿ ಸೇರಿದ ಹುಡುಗಿಯರಿಗೆ ತಿಳಿಯದು. ತಾನಾಗಿ ಅವಳು ಹೇಳಲಿಲ್ಲ. 1879ರಲ್ಲಿ ತೀರಿಕೊಂಡಳು. ಸತ್ಯ ಆಮೇಲೆ ಹೊರಬಂದಿತು. 2009ರಲ್ಲಿ ಚರ್ಚು ಅವಳನ್ನು ಸಂತಳೆಂದು ಸಾರಿತು.

ಹಳೆಯ ವಿದ್ಯಾರ್ಥಿನಿಯರು ಆಶ್ರಮದಲ್ಲಿ ಹಣ್ಣು ಹಂಚಿದರು, ಹಾಡು ಹೇಳಿದರು. ನಿಜ ಹೇಳಬೇಕೆಂದರೆ ಇಂಥ ಭೇಟಿಗಳಲ್ಲಿ ಕೊಡುವವರಿಗೆ ಆಗುವ ಸಂತೋಷವೇ ಹೆಚ್ಚು; ಹಾಡು ಕೇಳುವವರು ಸೌಜನ್ಯಕ್ಕಾಗಿ ಚಪ್ಪಾಳೆ ತಟ್ಟುವುದೂ ಉಂಟು. ನರ್ಸಮ್ಮನವರಿಗೆ ಹಾಡು ಬರುತ್ತಿರಲಿಲ್ಲ. ಅವರು ಮೂಲೆಯ ಮಂಚದ ಅಜ್ಜಿಯೊಬ್ಬರ ಉಗುರು ಕತ್ತರಿಸುತ್ತ ಕುಳಿತರು. ಆಕೆಯ ಬೆರಳುಗಳು ಜೀವಮಾನವೆಲ್ಲ ನೀರಿನಲ್ಲಿ ಕೆಲಸ ಮಾಡಿ ಸೊಟ್ಟಗಾಗಿದ್ದವು. ಅಂಥ ಬೆರಳುಗಳನ್ನು ಅವರು ಮೊದಲೂ ಕಂಡಿದ್ದರು.

ಮಧ್ಯಾಹ್ನದ ಸಭೆಯಲ್ಲಿ ವಿದ್ಯಾರ್ಥಿವೇತನದ ವಿಷಯ ಬಂದಿತು. ಸಂಘ ಆ ವರ್ಷ ಹನ್ನೆರಡು ಬಡಹುಡುಗಿಯರ ಶುಲ್ಕವನ್ನು ಕಟ್ಟಲು ಹಣ ಕೂಡಿಸಿದ್ದಿತು. ದೂರದೇಶಗಳಲ್ಲಿರುವ ಗೆಳತಿಯರೂ ಧಾರಾಳವಾಗಿ ಕಳಿಸಿದ್ದರು. ಭಾನುವಾರ ಅಷ್ಟೂ ಹುಡುಗಿಯರನ್ನು ವೇದಿಕೆಗೆ ಕರೆದು, ಒಬ್ಬೊಬ್ಬರ ಮನೆಯ ಕಷ್ಟವನ್ನು ನಾಲ್ಕು ಮಾತುಗಳಲ್ಲಿ ಪರಿಚಯಿಸಿ, ಹಲಗೆಯಷ್ಟು ದೊಡ್ಡದಾದ ರಟ್ಟಿನ ಚೆಕ್ಕನ್ನು ಕೈಗಿತ್ತು ಛಾಯಾಚಿತ್ರ ತೆಗೆಸಬೇಕೆಂದು ಕಾರ್ಯಕ್ರಮ ಸಿದ್ಧವಾಗಿದ್ದಿತು. ಇದನ್ನು ಯೋಜಿಸಿದವರು ಕೆಟ್ಟವರೇನಲ್ಲ. ಹಣ ಕೊಟ್ಟವರಿಗೆ ಅದು ಎಲ್ಲಿಗೆ ಹೋಯಿತೆಂದು ತೋರಿಸಬೇಕು. ಚಿತ್ರ ನೋಡಿದವರು ಮುಂದಿನ ವರ್ಷ ಇನ್ನಷ್ಟು ಕೊಡುತ್ತಾರೆ. ಲೆಕ್ಕ ಸರಿಯಾಗಿಯೇ ಇದ್ದಿತು.

ಅದೇ ಸಭೆಯಲ್ಲಿ ಮೊದಲು ಮಾತನಾಡಿದ ಹಿರಿಯರೊಬ್ಬರು ಮದರ್ ತೆರೇಸಾ ಅವರ ಉದಾಹರಣೆಯನ್ನು ಕೊಟ್ಟಿದ್ದರು. ಉದಾಹರಣೆ ಒಳ್ಳೆಯದೇ. ಕಲ್ಕತ್ತೆಯ ಎಂಟಾಲಿಯ ಕಾನ್ವೆಂಟ್ ಶಾಲೆಯಲ್ಲಿ ಅವರು ಅಧ್ಯಾಪಿಕೆಯಾಗಿ, ಕಡೆಗೆ ಮುಖ್ಯೋಪಾಧ್ಯಾಯಿನಿಯಾಗಿ ಇದ್ದವರು. ಶಾಲೆಯ ಗೋಡೆಯ ಆಚೆಗೆ ಮೋತಿಝೀಲ್ ಎಂಬ ಕೊಳೆಗೇರಿ. 1948ರಲ್ಲಿ ಅವರು ಗೋಡೆಯ ಆಚೆಗೆ ಹೋದರು. ಕಪ್ಪುಹಲಗೆಯಿಲ್ಲದೆ ನೆಲದ ಮೇಲೆ ಕೋಲಿನಿಂದ ಅಕ್ಷರ ಬರೆದು ಮಕ್ಕಳಿಗೆ ಕಲಿಸಿದರು. ಅವರನ್ನು ಮೊದಲು ಹಿಂಬಾಲಿಸಿದವರು ಯಾರು? ಅವರ ಹಳೆಯ ವಿದ್ಯಾರ್ಥಿನಿಯರೇ. 1949ರಲ್ಲಿ ಸುಭಾಷಿಣಿ ದಾಸ್ ಎಂಬ ಹುಡುಗಿ ಮೊದಲಿಗಳಾಗಿ ಬಂದು ಸೇರಿದಳು. ಸಂನ್ಯಾಸಿನಿಯಾದಾಗ ಅವಳು ಇಟ್ಟುಕೊಂಡ ಹೆಸರು ಆಗ್ನೆಸ್. ಅದು ಅವಳ ಗುರುವಿನ ಬಾಲ್ಯದ ಹೆಸರು. ಹಳೆಯ ವಿದ್ಯಾರ್ಥಿನಿಯರ ಸೇವೆಗೆ ಇದಕ್ಕಿಂತ ದೊಡ್ಡ ಮಾದರಿಯಿಲ್ಲವೆಂದು ಹಿರಿಯರು ಹೇಳಿದಾಗ ಎಲ್ಲರೂ ತಲೆದೂಗಿದ್ದರು. ರಟ್ಟಿನ ಚೆಕ್ಕಿನ ಮಾತು ಬಂದುದು ಅದರ ಬೆನ್ನಿಗೇ.

ನರ್ಸಮ್ಮನವರು ಎದ್ದು ನಿಂತರು. ಸಭೆಯಲ್ಲಿ ಮಾತನಾಡಿ ಅವರಿಗೆ ಅಭ್ಯಾಸವಿಲ್ಲ. ಕೈಚೀಲದಿಂದ ಒಂದು ಕಾಗದವನ್ನು ತೆಗೆದರು. ಮಡಿಕೆಗಳಲ್ಲಿ ಹರಿದಿದ್ದ ಆ ತಿಳಿನೀಲಿ ರಸೀದಿ ಬಹುಮಟ್ಟಿಗೆ ಬಿಳಿಚಿಕೊಂಡಿದ್ದಿತು.

“ಈ ಹಣ ನಮ್ಮ ಮನೆಯವರು ಕಟ್ಟಿದ್ದಲ್ಲ” ಎಂದರು. “ಯಾರು ಕಟ್ಟಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ನಿಮ್ಮ ರಸೀದಿಯೂ ಇದೇ ಬಣ್ಣದ್ದೇ ಇತ್ತಲ್ಲ? ಆ ಕಾಲದಲ್ಲಿ ನನ್ನನ್ನು ವೇದಿಕೆ ಮೇಲೆ ಕರೆದು ನಿಲ್ಲಿಸಿದ್ದಿದ್ದರೆ ನಾನು ಮಾರನೆಯ ದಿನ ಶಾಲೆಗೆ ಬರ್ತಿರಲಿಲ್ಲ. ಹಣ ಕೊಡೋಣ. ಹುಡುಗಿಯರನ್ನು ಕರೆಯೋದು ಬೇಡ.”

ಸಭೆ ಸ್ವಲ್ಪ ಹೊತ್ತು ಸುಮ್ಮನಿದ್ದಿತು. ಆಮೇಲೆ ಒಮ್ಮೆಗೇ ಮಾತು ಹೊರಟಿತು. ಚಿತ್ರವಿಲ್ಲದಿದ್ದರೆ ದಾನಿಗಳು ನಂಬುವುದು ಹೇಗೆಂದು ಒಬ್ಬರು ಕೇಳಿದರು. ಲೆಕ್ಕ ಪರಿಶೋಧಕರು ಮಕ್ಕಳ ಮುಖ ಕೇಳುವುದಿಲ್ಲ, ರಸೀದಿ ಕೇಳುತ್ತಾರೆ ಎಂದು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು ಉತ್ತರಿಸಿದರು. ಬಡವರೆಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನು ಎಂದು ಮತ್ತೊಬ್ಬರು ವಾದಿಸಿದರು. ಆ ಮಾತಿನಲ್ಲಿಯೂ ಸತ್ಯವಿಲ್ಲದೆ ಇಲ್ಲ. ಆದರೆ ಅದನ್ನು ಹೇಳಿಕೊಳ್ಳಬೇಕೋ ಬೇಡವೋ ಎಂಬುದನ್ನು ಬಡವರು ತೀರ್ಮಾನಿಸಬೇಕೇ ಹೊರತು ಕೊಡುವವರಲ್ಲ. ತೊಂಬತ್ತರ ಹತ್ತಿರದ ಸಿಸ್ಟರ್ ಒಬ್ಬರು ಗಾಲಿಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. “ಆ ಹಣ ಕೊಡುತ್ತಿದ್ದವಳು ಲಕೋಟೆಯ ಮೇಲೆ ಹೆಸರು ಬರೆಯುತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ” ಎಂದರು. ಅವರಿಗೆ ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ, ಯಾರೂ ಕೆದಕಲಿಲ್ಲ. ಚೆಕ್ಕಿನ ರಟ್ಟಿಗೆ ಆಗಲೇ ಮುದ್ರಣದ ಖರ್ಚು ಆಗಿಹೋಗಿದೆಯೆಂದು ಖಜಾಂಚಿ ತುಸು ಬೇಸರಪಟ್ಟರು. ಕೊನೆಗೆ ಅದನ್ನು ಶಾಲೆಯ ಕೈಗೆ ಕೊಟ್ಟು ಶಾಲೆಯ ಕಟ್ಟಡದ ಮುಂದೆ ಚಿತ್ರ ತೆಗೆಸುವುದೆಂದೂ ಹುಡುಗಿಯರ ಹೆಸರು ಆಫೀಸಿನ ಕಡತದಲ್ಲಿ ಮಾತ್ರ ಇರತಕ್ಕದ್ದೆಂದೂ ನಿರ್ಣಯವಾಯಿತು.

ಸಭೆ ಮುಗಿದು ಕಾಫಿಯ ಹೊತ್ತಿನಲ್ಲಿ ಹಳೆಯ ಮಾತುಗಳು ತೆರೆದುಕೊಂಡವು. ಯಾರಿಗೂ ತಮಗೆ ಬಂದ ಬಹುಮಾನಗಳು ನೆನಪಿರಲಿಲ್ಲ. ಗಣಿತದ ಟೀಚರ ಕನ್ನಡಕ ನೆನಪಿದ್ದಿತು. ಮಳೆ ಬಂದಾಗ ಸೋರುತ್ತಿದ್ದ ಮೂಲೆ ನೆನಪಿದ್ದಿತು. “ಆಯಮ್ಮ ನೆನಪಿದಾರಾ?” ಎಂದಳು ಒಬ್ಬಳು. “ನಮ್ಮಮ್ಮ ತೀರಿಕೊಂಡ ವರ್ಷ ದಿನಾ ಬೆಳಿಗ್ಗೆ ನನ್ನ ಜಡೆ ಹಾಕ್ತಿದ್ದೋರು ಅವರೇ. ಮನೇಲಿ ಯಾರಿಗೂ ಬರ್ತಿರಲಿಲ್ಲ. ಅರ್ಧ ಗಂಟೆ ಮುಂಚೆ ಬಾ ಅಂತ ಹೇಳ್ತಿದ್ದರು.” ಇನ್ನೊಬ್ಬಳಿಗೆ ಪಿನ್ನು ನೆನಪಾಯಿತು, ಮತ್ತೊಬ್ಬಳಿಗೆ ಬಾಳೆಯ ಹಣ್ಣು. ಎಂಟನೆಯ ತರಗತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಗೆಳತಿ ಆಗ ನರ್ಸಮ್ಮನವರ ಕಡೆ ತಿರುಗಿದಳು. ಬೆಳ್ಳಗಾಗಿದ್ದ ಕೂದಲು, ಅದೇ ದುಂಡು ಮುಖ, ಅದೇ ಕುಹಕವಿಲ್ಲದ ಕಣ್ಣು.

“ಆಯಮ್ಮ ನಿಮ್ಮ ಬೀದಿಯವರಲ್ವೇನೆ? ನೀನೇ ಹೇಳಿದ್ದೆ.”

ಐವತ್ತೆರಡು ವರ್ಷಗಳ ಹಿಂದೆ ಆಡಿದ ಮಾತು ಬಟ್ಟಲಿನ ಕಾಫಿಯಷ್ಟೇ ಬಿಸಿಯಾಗಿ ಎದುರಿಗೆ ಬಂದು ನಿಂತಿತು. ನರ್ಸಮ್ಮನವರು ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

“ಅಲ್ಲ ಕಣೆ. ನನ್ನ ತಾಯಿ.”

ಗೆಳತಿ ಏನೂ ಹೇಳಲಿಲ್ಲ. ಜಡೆಯ ಕತೆ ಹೇಳಿದವಳು ಮಾತ್ರ ಎದ್ದುಬಂದು ಅವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. “ಅವರ ಹೆಸರೇನೇ?” ಎಂದು ಕೇಳಿದಳು. ನರ್ಸಮ್ಮನವರು ಹೆಸರು ಹೇಳಿದರು. ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ಓದಿದ್ದ ಅಗಲಿದವರ ಪಟ್ಟಿ ಕಾರ್ಯದರ್ಶಿಯ ಕೈಯಲ್ಲಿಯೇ ಇದ್ದಿತು. ಅವರು ಪೆನ್ನು ತೆಗೆದು, ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು, ಅಧ್ಯಾಪಿಕೆಯರ ಹೆಸರುಗಳ ಕೆಳಗೆ ಬರೆದುಕೊಂಡರು.

ಭಾನುವಾರದ ಊಟದಲ್ಲಿ ಒಂದು ಚಿಕ್ಕ ಬದಲಾವಣೆಯಾಯಿತು. ಯಾರು ಸೂಚಿಸಿದರೋ ತಿಳಿಯದು. ಶಾಲೆಯ ಈಗಿನ ಆಯಾಗಳೂ ಕಾವಲುಗಾರನೂ ಮೊದಲ ಪಂಕ್ತಿಯಲ್ಲಿ ಕೂರಬೇಕೆಂದೂ ಹಳೆಯ ವಿದ್ಯಾರ್ಥಿನಿಯರು ಬಡಿಸಬೇಕೆಂದೂ ತೀರ್ಮಾನವಾಗಿದ್ದಿತು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವರಲ್ಲಿ ಬಡಿಸಿ ರೂಢಿಯಿದ್ದವರು ಕಡಿಮೆ. ಒಬ್ಬರು ಪಲ್ಯವನ್ನು ಎಲೆಯ ಎಡಗಡೆಗೆ ಹಾಕಿ ಆಯಾಗಳಿಂದ ನಗಿಸಿಕೊಂಡರು.

ಎಲ್ಲರಿಗಿಂತ ಚಿಕ್ಕ ವಯಸ್ಸಿನ ಆಯಾ ಮಾತ್ರ ಕೂರಲೊಲ್ಲದೆ ಗೋಡೆಗೆ ಒರಗಿ ನಿಂತಿದ್ದಳು. ನರ್ಸಮ್ಮನವರು ಅವಳ ರಟ್ಟೆ ಹಿಡಿದು ಕರೆತಂದು ಕೂರಿಸಿದರು.

“ಮನೆ ಎಲ್ಲಮ್ಮ?”

“ಸುಂಕದಕಟ್ಟೆ ಹತ್ರ ಅಮ್ಮ. ಎರಡು ಬಸ್ಸು.”

“ಎಷ್ಟು ಹೊತ್ತಿಗೆ ಬಿಡ್ತೀಯ?”

“ಐದೂವರೆಗೆ. ಮಗಳನ್ನೂ ಎಬ್ಬಿಸಿಕೊಂಡು ಬರಬೇಕು. ಇಲ್ಲೇ ಓದ್ತಾಳೆ, ಒಂಬತ್ತನೇ ಕ್ಲಾಸು.”

ನರ್ಸಮ್ಮನವರು ಮುಂದೇನೂ ಕೇಳಲಿಲ್ಲ. ಅನ್ನದ ನಡುವೆ ಗುಳಿ ಮಾಡಿಕೊಳ್ಳುವಂತೆ ಸನ್ನೆ ಮಾಡಿ, ಸಾರಿನ ಸೌಟನ್ನು ತಳದವರೆಗೆ ಇಳಿಸಿ, ಬೇಳೆ ಬರುವಂತೆ ಮೊಗೆದು ಬಡಿಸಿದರು.